ಹೊಸ ಲೋಹಕ್ಕೆ ಹಳೇ ವಯಸ್ಸು

ಹಬ್ಬ ಹತ್ತಿರ ಬಂತು ಅಂದ್ರೆ ನಮ್ಮ ಮನೆಗಳಲ್ಲಿ ಹಿತ್ತಾಳೆ ದೀಪ, ತಾಮ್ರದ ಚೊಂಬು ಎಲ್ಲ ಹೊರಗೆ ಬರುತ್ತೆ. ಹುಣಸೆಹಣ್ಣು ಹಚ್ಚಿ ತಿಕ್ಕಬೇಕು, ಕಿಲುಬು ಹೋಗಬೇಕು, ಫಳಫಳ ಹೊಳೀಬೇಕು. ಇದರ ತದ್ವಿರುದ್ಧ ಕೆಲಸ ಮಾಡೋ ಜನಾನೂ ಈ ಪ್ರಪಂಚದಲ್ಲಿ ಇದ್ದಾರೆ. ಲೇತ್‌ನಿಂದ ಆಗ ತಾನೇ ಇಳಿದ, ಕನ್ನಡಿ ಹಾಗೆ ಹೊಳೆಯೋ ಕೊಳವೆಗೆ ರಾಸಾಯನಿಕ ಸವರಿ, ಮಸಿ ಬಳಿದು, ಬೇಕಂತಲೇ ಗೀರಿ, ಅಲ್ಲಲ್ಲಿ ನೆಗ್ಗಿಸಿ, ಕೊನೆಗೆ ದೂರ ನಿಂತು ನೋಡಿ "ಹಾಂ, ಈಗ ಸರಿ ಹೋಯ್ತು" ಅಂತ ಖುಷಿಪಡ್ತಾರೆ :-)

ಇವರು ಸಿನಿಮಾಗಳಲ್ಲಿ ಬಳಸಿದ ವಸ್ತುಗಳನ್ನ ತದ್ರೂಪವಾಗಿ ಮಾಡಿಟ್ಟುಕೊಳ್ಳೋ ಹವ್ಯಾಸಿಗಳು. ಸಿನಿಮಾದವರ ಭಾಷೇಲಿ ಇಂಥ ವಸ್ತುವಿಗೆ 'ಪ್ರಾಪ್' ಅಂತ ಹೆಸರು. ನಾಯಕನ ಕತ್ತಿ, ಖಳನಾಯಕನ ಪಿಸ್ತೂಲು, ಸೈನಿಕನ ಶಿರಸ್ತ್ರಾಣ, ಎಲ್ಲಾನೂ ಪ್ರಾಪೇ. ಅಳತೆ ಹಿಡಿದು ಆಕಾರ ತರೋದು ಇವರ ಅರ್ಧ ಕೆಲಸ ಮಾತ್ರ. ಉಳಿದರ್ಧಕ್ಕೆ 'ವೆದರಿಂಗ್' ಅಂತಾರೆ. ಬಿಸಿಲು, ಮಳೆ, ಬೆವರು, ಕೈಬಳಕೆ ಎಲ್ಲ ಸೇರಿ ವರ್ಷಗಟ್ಟಲೆ ಮಾಡೋ ಕೆಲಸಾನ ಒಂದು ಶನಿವಾರ-ಭಾನುವಾರದಲ್ಲಿ ಮುಗಿಸೋ ವಿದ್ಯೆ ಅದು. ಈ ಹುಚ್ಚಿನ ಜಾಡು ಹಿಡಿದು ಹಿಂದಕ್ಕೆ ಹೋದ್ರೆ 1976ರ ಇಂಗ್ಲೆಂಡಿನ ಒಂದು ಸ್ಟುಡಿಯೋ ಸಿಗುತ್ತೆ. ಅಲ್ಲಿಂದ ಇನ್ನೂ ಸ್ವಲ್ಪ ಮುಂದೆ ಹೋದ್ರೆ, ಒಂದು ಗುಜರಿ ರಾಶಿ. ಇವತ್ತು ಹೇಳಹೊರಟಿರೋದು ಆ ಕಥೆ.

ಗುಜರಿಯಿಂದ ಬಂದ ಭವಿಷ್ಯ

'ಸ್ಟಾರ್ ವಾರ್ಸ್' ಬರೋಕೆ ಮುಂಚೆ ಸಿನಿಮಾಗಳಲ್ಲಿ ಭವಿಷ್ಯ ಅಂದ್ರೆ ಹೆಚ್ಚಾಗಿ ಆಸ್ಪತ್ರೆ ಥರ ಇರ್ತಿತ್ತು. ಬಿಳಿ ಗೋಡೆ, ಕಲೆಯಿಲ್ಲದ ನೆಲ, ಇಸ್ತ್ರಿ ಮಾಡಿದ ಬಟ್ಟೆ. ಸ್ಟ್ಯಾನ್ಲಿ ಕುಬ್ರಿಕ್‌ನ '2001: ಎ ಸ್ಪೇಸ್ ಒಡಿಸ್ಸಿ' (1968) ನೋಡಿದವರಿಗೆ ಇದು ಚೆನ್ನಾಗಿ ನೆನಪಿರುತ್ತೆ. ಅದ್ಭುತ ಸಿನಿಮಾ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ನೌಕೆಯೊಳಗೆ ಯಾರೋ ಕಾಫಿ ಚೆಲ್ಲಿದ ಗುರುತು ಎಲ್ಲೂ ಕಾಣಲ್ಲ.

ಜಾರ್ಜ್ ಲ್ಯೂಕಸ್‌ಗೆ ಬೇಕಿದ್ದದ್ದು ಬೇರೆ. ಅವನ ಜಗತ್ತಿನಲ್ಲಿ ನೌಕೆಗಳು ಎಣ್ಣೆ ಸೋರಬೇಕು, ರೋಬಾಟ್‌ಗಳು ಸೆಕೆಂಡ್ ಹ್ಯಾಂಡ್ ಆಗಿರಬೇಕು, ಬಂದೂಕಿನ ಬಣ್ಣ ಕಿತ್ತಿರಬೇಕು. ಪರದೆ ಮೇಲೆ ಒಂದು ವಸ್ತು ಮೊದಲ ಸಲ ಕಾಣಿಸಿಕೊಂಡಾಗಲೇ 'ಇದು ಈ ಸಿನಿಮಾ ಶುರುವಾಗೋಕೆ ಮುಂಚೇನೂ ಇತ್ತು' ಅಂತ ನೋಡೋರಿಗೆ ಅನ್ನಿಸಬೇಕು. ಹೀಗೆ 'ಬಳಸಿ ಹಳತಾದ ಜಗತ್ತು' ಅನ್ನೋ ಕಲ್ಪನೆ ಹುಟ್ಟಿತು.

ಕಲ್ಪನೆ ಏನೋ ಸರಿ, ದುಡ್ಡು? ಇಡೀ ಸಿನಿಮಾಗೆ ಕೊನೆಗೆ ಖರ್ಚಾಗಿದ್ದು ಸುಮಾರು 1.1 ಕೋಟಿ ಡಾಲರ್. ಇಡೀ ಗ್ಯಾಲಕ್ಸಿಯನ್ನೇ ಕಟ್ಟಬೇಕಾದವರಿಗೆ ಇದು ದೊಡ್ಡ ಮೊತ್ತ ಅಲ್ಲ. ಲಂಡನ್ ಹತ್ತಿರದ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ವಿನ್ಯಾಸದ ಹೊಣೆ ಜಾನ್ ಬ್ಯಾರಿಯದು, ಸೆಟ್ ಸಜ್ಜುಗೊಳಿಸೋ ಹೊಣೆ ರೋಜರ್ ಕ್ರಿಶ್ಚಿಯನ್‌ನದು. ಈ ಕ್ರಿಶ್ಚಿಯನ್ ಕಂಡುಕೊಂಡ ದಾರಿ ನಮ್ಮ ಮೆಕ್ಯಾನಿಕ್‌ಗಳಿಗೆ ಬಹಳ ಇಷ್ಟ ಆಗೋಂಥದ್ದು. ಹೊಸದಾಗಿ ಯಾಕೆ ಮಾಡಿಸಬೇಕು? ಹಳೇ ವಿಮಾನಗಳ, ಜೆಟ್ ಎಂಜಿನ್‌ಗಳ ಗುಜರಿಯನ್ನ ತೂಕದ ಲೆಕ್ಕದಲ್ಲಿ ಅಗ್ಗಕ್ಕೆ ಕೊಂಡು ತಂದ. ಬಿಚ್ಚಿದ. ಅದರ ಪೈಪು, ಕವಾಟ, ಪೆಟ್ಟಿಗೆಗಳನ್ನ ಸೆಟ್ಟಿನ ಗೋಡೆಗಳಿಗೆ ಸಾಲಾಗಿ ಜೋಡಿಸಿ ಬಣ್ಣ ಹೊಡೆಸಿದ. ಹಾಲಿವುಡ್‌ನ ಅತಿ ದೂರದ ಭವಿಷ್ಯ ಹುಟ್ಟಿದ್ದು ಹೀಗೆ, ಕೆಜಿ ಲೆಕ್ಕದಲ್ಲಿ :-)

ಬಂದೂಕುಗಳದ್ದೂ ಇದೇ ಕಥೆ. ಸಿನಿಮಾಗಳಿಗೆ ಆಯುಧ ಬಾಡಿಗೆಗೆ ಕೊಡೋ ಬ್ಯಾಪ್ಟಿ ಅನ್ನೋ ಲಂಡನ್ ಸಂಸ್ಥೆಯಿಂದ ನಿಜವಾದ ಬಂದೂಕುಗಳನ್ನೇ ತಂದರು. ಬಿಳಿ ಕವಚದ ಸ್ಟಾರ್ಮ್‌ಟ್ರೂಪರ್ ಸೈನಿಕರ ಕೈಯಲ್ಲಿ ಇರೋದು ಬ್ರಿಟಿಷರ ಸ್ಟರ್ಲಿಂಗ್ ಬಂದೂಕು. ಕಾನ್ಪುರದಲ್ಲಿ ತಯಾರಾಗಿ ನಮ್ಮ ಸೈನ್ಯ, ಪೊಲೀಸರ ಕೈಗೆ ಬಂದ 'ಕಾರ್ಬೈನ್' ನೋಡಿದ್ದೀರಲ್ಲ, ಅದೇ ವಂಶ! ಹ್ಯಾನ್ ಸೋಲೋನ ಪಿಸ್ತೂಲು ಜರ್ಮನಿಯ ಮೌಸರ್ ಸಿ96, ಅಂದ್ರೆ 1896ರ ಮಾದರಿ. ಬೆಂಗಳೂರು ಕ್ಲಬ್ಬಿನ ಲೆಕ್ಕದ ಪುಸ್ತಕದಲ್ಲಿ 13 ರೂಪಾಯಿ ಬಾಕಿ ಉಳಿಸಿ ಹೋದ ವಿನ್‌ಸ್ಟನ್ ಚರ್ಚಿಲ್ 1898ರಲ್ಲಿ ಸುಡಾನಿನ ಓಮ್ಡರ್ಮನ್ ಯುದ್ಧಕ್ಕೆ ಹಿಡಿದು ಹೋಗಿದ್ದೂ ಇದೇ ಮಾದರಿ. ಅದಕ್ಕೊಂದು ದುರ್ಬೀನು, ತುದಿಗೆ ಎರಡನೇ ಮಹಾಯುದ್ಧದ ವಿಮಾನದ ಮೆಷಿನ್‌ಗನ್ನಿನ ಮೂತಿ ಸೇರಿಸಿದರು. ಆಯ್ತು, ಅಂತರಿಕ್ಷದ ಆಯುಧ ರೆಡಿ.

ಫ್ಲಾಶ್ ಹಿಡಿ, ನಲ್ಲಿ ತಿರುಪು, ಜೆಟ್ ಕೊಳವೆ

ಈಗ ಎಲ್ಲಕ್ಕಿಂತ ಪ್ರಸಿದ್ಧವಾದ ವಸ್ತುವಿಗೆ ಬರೋಣ. ಲೂಕ್ ಸ್ಕೈವಾಕರ್‌ನ ಬೆಳಕಿನ ಕತ್ತಿ, ಲೈಟ್‌ಸೇಬರ್. ಬೆಳಕಿನ ಅಲಗು ಆಮೇಲೆ ತಂತ್ರದಿಂದ ಮೂಡಿಸಿದ್ದು. ಕೈಯಲ್ಲಿ ಹಿಡಿಯೋಕೆ ಒಂದು ಹಿಡಿ ಬೇಕಲ್ಲ? ಕ್ರಿಶ್ಚಿಯನ್ ಲಂಡನ್ನಿನ ಒಂದು ಫೋಟೋಗ್ರಫಿ ಅಂಗಡಿಗೆ ಹೋಗಿ ಹಳೇ ಸಾಮಾನು ಕೆದಕಿದಾಗ ಸಿಕ್ಕಿದ್ದು ಗ್ರಾಫ್ಲೆಕ್ಸ್ ಫ್ಲಾಶ್ ಹಿಡಿಗಳು.

ಹಳೇ ಇಂಗ್ಲಿಷ್ ಸಿನಿಮಾಗಳಲ್ಲಿ ಹ್ಯಾಟು ಹಾಕಿಕೊಂಡ ಪತ್ರಿಕಾ ಛಾಯಾಗ್ರಾಹಕರು ದೊಡ್ಡ ಕ್ಯಾಮೆರಾ ಹಿಡಿದು ಬಲ್ಬು 'ಫಟ್' ಅನ್ನಿಸ್ತಾರಲ್ಲ, ಆ ಕ್ಯಾಮೆರಾ ಪಕ್ಕದ ಉದ್ದನೆಯ ಹೊಳೆಯೋ ಕೊಳವೆ ಇದು. ಒಳಗೆ ಬ್ಯಾಟರಿ ಸೆಲ್, ಹೊರಗೆ ಕೆಂಪು ಗುಂಡಿ. ಅಮೆರಿಕದ ರೋಚೆಸ್ಟರ್‌ನ ಕಂಪನಿ. ಎಲೆಕ್ಟ್ರಾನಿಕ್ ಫ್ಲಾಶ್ ಬಂದ ಮೇಲೆ ಈ ಬಲ್ಬಿನ ಕೊಳವೆಗಳನ್ನ ಕೇಳೋರಿರಲಿಲ್ಲ. 1973ರಲ್ಲಿ ಗ್ರಾಫ್ಲೆಕ್ಸ್ ಕ್ಯಾಮೆರಾಗಳ ತಯಾರಿಕೇನೇ ನಿಂತುಹೋಗಿತ್ತು. ಕ್ರಿಶ್ಚಿಯನ್ ಅದಕ್ಕೆ ಹಿಡಿತ ಸಿಗೋ ಹಾಗೆ ಕಪಾಟಿಗೆ ಹಾಕೋ ಕಪ್ಪು ಪಟ್ಟಿಯ ತುಂಡುಗಳನ್ನ ಅಂಟಿಸಿದ. ಕ್ಯಾಲ್ಕುಲೇಟರ್‌ನಲ್ಲಿ ಅಂಕಿಗಳನ್ನ ದೊಡ್ಡದಾಗಿ ತೋರಿಸೋ ಗುಳ್ಳೆ ಗುಳ್ಳೆ ಪಟ್ಟಿಯನ್ನ ನಡುವೆ ಸೇರಿಸಿದ. ಸೊಂಟಕ್ಕೆ ನೇತುಹಾಕೋಕೆ ಒಂದು ಉಂಗುರ. ಅಷ್ಟೇ!

ಲೂಕ್‌ನ ಗುರು ಓಬಿ-ವಾನ್‌ನ ಕತ್ತಿ ಇನ್ನೂ ಮಜಾ. ಅದರ ಮೂತಿಯ ಭಾಗ ರೋಲ್ಸ್-ರಾಯ್ಸ್ ಡರ್ವೆಂಟ್ ಜೆಟ್ ಎಂಜಿನ್‌ನಲ್ಲಿ ಒತ್ತಡ ಸರಿದೂಗಿಸೋ ಒಂದು ಸಣ್ಣ ಕೊಳವೆ. ನಡುವಿನ ಮೈ ಒಂದನೇ ಮಹಾಯುದ್ಧದ ಬ್ರಿಟಿಷ್ ರೈಫಲ್ ಗ್ರೆನೇಡಿನದು. ಅದರ ಜೊತೆ ಬ್ರೌನಿಂಗ್ ಮೆಷಿನ್‌ಗನ್ನಿನ ಒಂದು ಭಾಗ, ಗ್ರಾಫ್ಲೆಕ್ಸಿನದೇ ಒಂದು ಪಟ್ಟಿ. ಬುಡದಲ್ಲಿರೋದು? ಆರ್ಮಿಟೇಜ್ ಶ್ಯಾಂಕ್ಸ್ ಅನ್ನೋ ಬಚ್ಚಲುಮನೆ ಸಾಮಾನಿನ ಕಂಪನಿಯ ನಲ್ಲಿ ತಿರುಪು! ಜೆಡೈ ಗುರುವಿನ ಪವಿತ್ರ ಆಯುಧದಲ್ಲಿ ಎರಡು ಮಹಾಯುದ್ಧ, ಒಂದು ಜೆಟ್ ವಿಮಾನ, ಒಂದು ಬಚ್ಚಲುಮನೆ ಎಲ್ಲ ಒಟ್ಟಿಗೆ ಕೂತಿವೆ.

ಇಲ್ಲಿ ಒಂದು ವಿಷಯ ಗಮನಿಸಿ. ಈ ವಸ್ತುಗಳ ಹಳತನ ಪೂರ್ತಿ ನಾಟಕ ಅಲ್ಲ. ಆ ಗೀರುಗಳಲ್ಲಿ ಕೆಲವು ನಿಜವಾಗಿಯೂ ಯಾರದೋ ಕೈಯಲ್ಲಿ, ಯಾವುದೋ ಕೆಲಸದಲ್ಲಿ ಆದದ್ದು. ಸಿನಿಮಾ ಆ ನಿಜವಾದ ವಯಸ್ಸನ್ನ ಎರವಲು ಪಡೆದು ಸುಳ್ಳು ಜಗತ್ತಿಗೆ ತೊಡಿಸಿತು. 1977ರ ಮೇ 25ರಂದು ಸಿನಿಮಾ ಬಿಡುಗಡೆ ಆಯ್ತು. ಮರುವರ್ಷ ಕಲಾ ನಿರ್ದೇಶನದ ಆಸ್ಕರ್ ಪಡೆದ ತಂಡದಲ್ಲಿ ಬ್ಯಾರಿ, ಕ್ರಿಶ್ಚಿಯನ್ ಇಬ್ಬರೂ ಇದ್ದರು.

ಹಾಗಂತ ಎಲ್ಲಾನೂ ನಿಜವಾದ ಲೋಹ ಅಂದ್ಕೋಬೇಡಿ. 1980ರ 'ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್'ನಲ್ಲಿ ಬೋಬಾ ಫೆಟ್ ಅನ್ನೋ ಬಾಡಿಗೆ ಬೇಟೆಗಾರ ಬರ್ತಾನೆ. ಅವನ ಕವಚ ಮೊದಲು ಪೂರ್ತಿ ಬಿಳಿ ಇತ್ತು. ಆಮೇಲೆ ಜೋ ಜಾನ್‌ಸ್ಟನ್ ಅದಕ್ಕೆ ಬಣ್ಣದ ಯೋಜನೆ ಹಾಕಿದ. (ಮುಂದೆ 2011ರಲ್ಲಿ ಮೊದಲ 'ಕ್ಯಾಪ್ಟನ್ ಅಮೆರಿಕ' ನಿರ್ದೇಶಿಸಿದ್ದೂ ಇವನೇ.) ಆ ಶಿರಸ್ತ್ರಾಣದ ಹಸಿರು ಬಣ್ಣ ಕಿತ್ತು ಒಳಗಿನ ಬೆಳ್ಳಿ ಲೋಹ ಕಾಣುತ್ತಲ್ಲ, ಅದು ಲೋಹವೇ ಅಲ್ಲ, ಬಣ್ಣ. ಇನ್ನು ಸಿನಿಮಾದಲ್ಲಿ ಧೂಳು ಬೇಕಾದಾಗ ಬಹಳ ಕಾಲದಿಂದ ಬಳಸ್ತಾ ಬಂದಿರೋದು ಯಾವುದು ಗೊತ್ತಾ? ನಮ್ಮ ಅಕ್ಕತಂಗಿಯರು ಮುಖಕ್ಕೆ ಹಚ್ಚಿಕೊಳ್ಳೋ ಮುಲ್ತಾನಿ ಮಿಟ್ಟಿ! ನಾವು ಹಚ್ಚೋದು ಚರ್ಮ ಎಳೇದಾಗಿ ಕಾಣಲಿ ಅಂತ. ಅವರು ಎರಚೋದು ವಸ್ತು ಮುದಿಯಾಗಿ ಕಾಣಲಿ ಅಂತ.

ಕೊಂಡವರು, ಕಳಕೊಂಡವರು

ಚಿತ್ರೀಕರಣ ಮುಗಿದ ಮೇಲೆ ಈ ವಸ್ತುಗಳ ಗತಿ ಏನಾಯ್ತು? ಆಗ ಯಾರಿಗೂ ಇವುಗಳ ಬೆಲೆ ಗೊತ್ತಿರಲಿಲ್ಲ. ಹ್ಯಾನ್ ಸೋಲೋನ ಮೌಸರನ್ನ ಬಿಚ್ಚಿ ಬಾಡಿಗೆ ಗೋದಾಮಿಗೆ ವಾಪಸ್ ಸೇರಿಸಿದರು. ಅದು ಕಳೆದೇ ಹೋಯ್ತು ಅಂತಲೇ ಬಹಳ ಕಾಲ ಎಲ್ಲರೂ ನಂಬಿದ್ದರು. 2022ರಲ್ಲಿ ಅದೇ ಪಿಸ್ತೂಲು ಅಮೆರಿಕದಲ್ಲಿ ಹರಾಜಿಗೆ ಬಂದಾಗ 10 ಲಕ್ಷ ಡಾಲರ್ ದಾಟಿ ಮಾರಾಟ ಆಯ್ತು.

ಅಷ್ಟು ದುಡ್ಡು ಇಲ್ಲದ ಅಭಿಮಾನಿ ಏನು ಮಾಡಬೇಕು? ತಾನೇ ಮಾಡಿಕೊಳ್ಳಬೇಕು. ಮೊದಲು ಪತ್ತೇದಾರಿಕೆ ಶುರುವಾಯ್ತು. ಸಿನಿಮಾದ ಒಂದೊಂದೇ ಚೌಕಟ್ಟು ನಿಲ್ಲಿಸಿ ನೋಡಿ, ಈ ಭಾಗ ಯಾವ ಯಂತ್ರದ್ದಿರಬಹುದು ಅಂತ ವರ್ಷಗಟ್ಟಲೆ ಹುಡುಕಿದರು. ಗ್ರೆನೇಡು, ನಲ್ಲಿ ತಿರುಪು, ಜೆಟ್ ಕೊಳವೆ ಎಲ್ಲದರ ಗುರುತು ಹತ್ತಿದ್ದರ ಹಿಂದೆ ಹೀಗೆ ಗುಜರಿ ಹುಡುಕಿದ ಅಭಿಮಾನಿಗಳ ದೊಡ್ಡ ಪಾಲಿದೆ. ಸಂಬಳ ಕೊಟ್ಟು ಮಾಡಿಸಿದ್ರೂ ಇಷ್ಟು ಚೆನ್ನಾಗಿ ಡೀಬಗ್ ಮಾಡೋರು ಸಿಗಲ್ಲ ಬಿಡಿ.

ಆದ್ರೆ ಗುರುತು ಸಿಕ್ಕ ಮೇಲೆ ಒಂದು ಬೇಸರದ ಸಂಗತಿ ನಡೀತು. ಗ್ರಾಫ್ಲೆಕ್ಸ್ ಹಿಡಿಗಳನ್ನ ಅಭಿಮಾನಿಗಳು ಹುಡುಕಿ ಹುಡುಕಿ ಕೊಳ್ಳೋಕೆ ಶುರುಮಾಡಿದರು. ಪುಡಿಗಾಸಿಗೆ ಸಿಗ್ತಿದ್ದ ಕೊಳವೆಗೆ ನೂರಾರು ಡಾಲರ್ ಬೆಲೆ ಬಂತು. ಕೊಳವೆಯನ್ನ ಬಿಚ್ಚಿಕೊಂಡು ಕತ್ತಿ ಮಾಡಿದರೆ, ಆ ಹಳೇ ಕ್ಯಾಮೆರಾ ತನ್ನ ಫ್ಲಾಶ್ ಇಲ್ಲದೆ ಉಳೀತಿತ್ತು. ಕ್ಯಾಮೆರಾ ಸಂಗ್ರಾಹಕರಿಗೆ ಹೊಟ್ಟೆ ಉರಿಯದೆ ಇರುತ್ತಾ? ಒಂದು ಕಾಲದ ಪತ್ರಿಕೋದ್ಯಮದ ನಿಜವಾದ ಉಪಕರಣವನ್ನ ಕೊರೆದು, ಅಂಟು ಹಾಕಿ, ಎಂದೂ ಇಲ್ಲದ ಒಂದು ಆಯುಧದ ನಕಲು ಮಾಡೋದು! ಇತಿಹಾಸ ಉಳಿಸೋದು ಅಂದ್ರೆ ಯಾವ ಇತಿಹಾಸ ಉಳಿಸೋದು? ಇದಕ್ಕೆ ಪರಿಹಾರವಾಗಿ ಬಂದಿದ್ದೇ ಹೊಸ ಲೋಹದಲ್ಲಿ ಗ್ರಾಫ್ಲೆಕ್ಸ್ ನಕಲು ಮಾಡೋ ಸಣ್ಣ ಸಣ್ಣ ತಯಾರಕರು. ಹೊಸ ನಕಲು ಸಿಕ್ಕಿತು, ಅಸಲಿ ಕೊಳವೆಗಳು ಸ್ವಲ್ಪ ಬಚಾವಾದವು. ಆದ್ರೆ ಹೊಸದು ಹೊಸದಾಗೇ ಕಾಣುತ್ತೆ. ಆಗ ಬಂತು ವಯಸ್ಸು ಬರಿಸೋ ಪ್ರಶ್ನೆ.

ವಯಸ್ಸಿನ ರಸಾಯನ

ಇದರಲ್ಲಿ ಮೊದಲ ಪಾಠ: ಎಲ್ಲ ಲೋಹವೂ ಒಂದೇ ಥರ ಮುದಿಯಾಗಲ್ಲ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತೆ, ತಾಮ್ರ-ಹಿತ್ತಾಳೆಗೆ ಕಿಲುಬು, ಅಲ್ಯೂಮಿನಿಯಂ ಮಂಕಾಗುತ್ತೆ, ನಿಕಲ್ ಲೇಪ ಸವೆದು ಕೆಳಗಿನ ಹಿತ್ತಾಳೆ ಹಳದಿಯಾಗಿ ಇಣುಕುತ್ತೆ. ಅಲ್ಯೂಮಿನಿಯಂ ಮೇಲೆ ಕೆಂಪು ತುಕ್ಕು ಬಳಿದರೆ ಗೊತ್ತಿರೋರು ನಕ್ಕುಬಿಡ್ತಾರೆ.

ಉಕ್ಕಿನ ಭಾಗ ಕಪ್ಪಾಗಬೇಕಾದರೆ ಬಂದೂಕು ರಿಪೇರಿಯವರು ಬಳಸೋ 'ಕೋಲ್ಡ್ ಬ್ಲೂ' ದ್ರಾವಣ ಸವರ್ತಾರೆ. ಅದರಲ್ಲಿ ಸಾಮಾನ್ಯವಾಗಿ ಸೆಲೆನಿಯಂನ ಒಂದು ಆಮ್ಲ, ಜೊತೆಗೆ ತಾಮ್ರದ ಸಲ್ಫೇಟ್ ಇರುತ್ತೆ. ತಾಮ್ರದ ಸಲ್ಫೇಟ್ ಅಂದ್ರೆ ಯಾವುದೋ ವಿದೇಶಿ ವಸ್ತು ಅಲ್ಲ. ಮಲೆನಾಡಿನವರು ಸುಣ್ಣದ ಜೊತೆ ಕಲಸಿ ಅಡಿಕೆ ಕೊನೆಗೆ ಹೊಡೆಯೋ ಮೈಲುತುತ್ತ. ಹಿತ್ತಾಳೆಗೆ ಹಸಿರು ಬೇಕಾದರೆ ಉಪ್ಪುನೀರು ಚಿಮುಕಿಸಿ, ಅಮೋನಿಯಾದ ಹಬೆ ತುಂಬಿದ ಡಬ್ಬಿಯಲ್ಲಿ ಮುಚ್ಚಿಡ್ತಾರೆ. ತಾಮ್ರ ಕಪ್ಪಾಗಬೇಕಾದರೆ ಗಂಧಕದ ಸಂಯುಕ್ತ. ಇನ್ನು ನಮ್ಮ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಸರ್ಕ್ಯೂಟ್ ಬೋರ್ಡ್ ಕೊರೆಯೋಕೆ ಕೊಡ್ತಿದ್ದ ಫೆರಿಕ್ ಕ್ಲೋರೈಡ್ ನೆನಪಿದೆಯಾ? ಅಂಗಿ ಮೇಲೆ ಬಿದ್ದ ಕಂದು ಕಲೆ ಡಿಗ್ರಿ ಮುಗಿದ್ರೂ ಹೋಗ್ತಿರಲಿಲ್ಲ. ತಾಮ್ರ-ಹಿತ್ತಾಳೆಯ ಮೇಲ್ಮೈ ಕೊರೆದು ಒರಟು ಮಾಡೋಕೆ ಅದೂ ಬಳಕೆಯಲ್ಲಿದೆ. (ಯಾರಾದ್ರೂ ಮಾಡಹೊರಟರೆ ಕೈಗವಸು ಹಾಕಿ, ಕಿಟಕಿ ತೆಗೆದಿಡಿ. ಸೆಲೆನಿಯಂ ವಿಷ, ತಮಾಷೆ ಅಲ್ಲ.)

ಅಂದ ಹಾಗೆ, ಲೋಹಕ್ಕೆ ಬೇಕಂತಲೇ ಕಪ್ಪು ಬರಿಸೋ ವಿದ್ಯೆ ನಮ್ಮ ಬೀದರಿನವರಿಗೆ ಶತಮಾನಗಳಿಂದ ಗೊತ್ತು. ಬಿದರಿ ಪಾತ್ರೆಯ ಮೈ ಬಹುಪಾಲು ಸತು, ಸ್ವಲ್ಪ ತಾಮ್ರ. ಬೆಳ್ಳಿ ಎಳೆ ಕೂರಿಸಿದ ಮೇಲೆ ಬೀದರ ಕೋಟೆಯ ಹಳೇ ಮಣ್ಣನ್ನ ನವಸಾಗರದ ಜೊತೆ ಕಲಸಿ ಬಿಸಿಯಾಗಿ ಹಚ್ತಾರೆ. ಸತುವಿನ ಮೈ ಕಪ್ಪಾಗುತ್ತೆ, ಬೆಳ್ಳಿ ಹಾಗೇ ಬೆಳ್ಳಗೆ ಉಳಿಯುತ್ತೆ. ಅಲ್ಲಿ ಕಪ್ಪು ಬರಿಸೋದು ಬೆಳ್ಳಿ ಎದ್ದು ಕಾಣಲಿ ಅಂತ. 'ನಾನು ಹಳೇದು' ಅಂತ ಬಿದರಿ ಹೂಜಿ ಎಲ್ಲೂ ಹೇಳಿಕೊಳ್ಳಲ್ಲ. ರಸಾಯನ ಹೆಚ್ಚುಕಡಿಮೆ ಒಂದೇ ಜಾತಿಯದು, ಉದ್ದೇಶ ಬೇರೆ.

ಎರಡನೇ ಪಾಠ ರಸಾಯನಕ್ಕಿಂತ ದೊಡ್ಡದು: ಪ್ರತಿ ಗುರುತಿಗೂ ಒಂದು ಕಾರಣ ಇರಬೇಕು. ಕೈ ತಾಗೋ ಕಡೆ ಕೊಳೆ ನಿಲ್ಲಲ್ಲ, ಅಲ್ಲಿ ಲೋಹ ಹೊಳೆಯುತ್ತೆ. ಕೈ ಹೋಗದ ಸಂದಿನಲ್ಲಿ ಮಸಿ ಕೂರುತ್ತೆ. ಬಣ್ಣ ಮೊದಲು ಕೀಳೋದು ಅಂಚಿನಲ್ಲಿ, ಮೂಲೆಯಲ್ಲಿ. ನಿಮ್ಮ ಊರಿನ ದೇವಸ್ಥಾನದ ಹೊಸ್ತಿಲು ನೋಡಿ, ನಡುವೆ ಮಾತ್ರ ಸವೆದಿರುತ್ತೆ. ಸೊಂಟಕ್ಕೆ ತೂಗುಹಾಕಿದ ಕತ್ತಿಯಾದರೆ ತೊಡೆಗೆ ತಾಗೋ ಒಂದು ಬದಿ ಮಾತ್ರ ನುಣುಪಾಗಬೇಕು. ಅದಕ್ಕೇ ನುರಿತವರು ಕಪ್ಪು ಬಣ್ಣ ತೆಳ್ಳಗೆ ಮಾಡಿ ಇಡೀ ಮೈಗೆ ಬಳಿದು, ತಕ್ಷಣ ಬಟ್ಟೆಯಿಂದ ಒರೆಸ್ತಾರೆ. ಸಂದಿಯಲ್ಲಿರೋದು ಉಳಿಯುತ್ತೆ, ಮೇಲಿನದು ಹೋಗುತ್ತೆ. ಕೈ ಹೇಗೆ ಮಾಡುತ್ತೋ ಹಾಗೇ. ಎಮರಿ ಪೇಪರ್ ಹಿಡಿದು ಎಲ್ಲಾ ಕಡೆ ಸಮವಾಗಿ ಉಜ್ಜಿದರೆ ಅದು ಉಜ್ಜಿದ ಹೊಸ ಲೋಹದ ಥರಾನೇ ಕಾಣುತ್ತೆ, ಹಳೇದರ ಥರ ಅಲ್ಲ. ನಮ್ಮ ಭಾಷೇಲಿ ಹೇಳೋದಾದ್ರೆ ಇದು ಹಿಂದಿನ ತಾರೀಖು ಹಾಕಿ ಲಾಗ್ ಫೈಲ್ ಬರೆಯೋ ಕೆಲಸ. ನಡೆಯದ ಘಟನೆಗಳನ್ನೇ ಬರೆಯೋದು, ಆದ್ರೆ ಒಂದಕ್ಕೊಂದು ತಾಳೆ ಆಗಬೇಕು!

ಯಾವ ದಿನದ ವಯಸ್ಸು?

ಇಲ್ಲೊಂದು ತಮಾಷೆಯ ತೊಡಕು ಇದೆ. ಅಸಲಿ ವಸ್ತು ಸುಮ್ಮನೆ ನಿಂತಿಲ್ಲ, ಅದೂ ಮುದಿಯಾಗ್ತಾ ಇದೆ. 1976ರಲ್ಲಿ ಕ್ಯಾಮೆರಾ ಮುಂದೆ ಇದ್ದ ಹಾಗೆ ಮಾಡಬೇಕಾ, ಇವತ್ತು ಗಾಜಿನ ಪೆಟ್ಟಿಗೆಯಲ್ಲಿ ಇರೋ ಹಾಗೆ ಮಾಡಬೇಕಾ?

'ಬ್ಲೇಡ್ ರನ್ನರ್' (1982) ಸಿನಿಮಾದ ಪಿಸ್ತೂಲಿನ ವಿಷಯ ನೋಡಿ. ಒಂದು ಸ್ಟಾಯರ್ ರೈಫಲ್, ಒಂದು ಚಾರ್ಟರ್ ಆರ್ಮ್ಸ್ ರಿವಾಲ್ವರ್ ಎರಡರ ಭಾಗಗಳನ್ನೂ ಬೆಸೆದು ಮಾಡಿದ್ದು. ಅಸಲಿ ಎಲ್ಲಿದೆ ಅಂತ ತಿಳಿಯದೆ, ಎರಡು ದಶಕ ಅಭಿಮಾನಿಗಳು ಸಿನಿಮಾ ನೋಡಿ ನೋಡಿ ನಕಲು ಮಾಡಿದರು. 2006ರಲ್ಲಿ ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ನಡೆದ ವೈಜ್ಞಾನಿಕ ಕಥಾಸಮ್ಮೇಳನದಲ್ಲಿ ಅದು ಇದ್ದಕ್ಕಿದ್ದ ಹಾಗೆ ಪ್ರದರ್ಶನಕ್ಕೆ ಬಂತು. ಹತ್ತಿರದ ಫೋಟೋಗಳು ಸಿಕ್ಕಿದ್ದೇ ತಡ, ಅಲ್ಲಿವರೆಗಿನ ಹಲವು ಅಂದಾಜುಗಳನ್ನ ತಿದ್ದಿಕೊಳ್ಳಬೇಕಾಯಿತು. ಹಾಗಂತ ಹಳೇ ನಕಲುಗಳೆಲ್ಲ ತಪ್ಪಾ? ನನಗೇನೋ ಹಾಗನ್ನಿಸಲ್ಲ. ಅವು ಪ್ರೇಕ್ಷಕನ ನೆನಪಿನಲ್ಲಿದ್ದ ಪಿಸ್ತೂಲಿನ ನಕಲು, ಹೊಸವು ವಸ್ತುವಿನ ನಕಲು.

ಇನ್ನು ಕೊನೆಯ ಮಾತು, ಸ್ವಲ್ಪ ಗಂಭೀರವಾದದ್ದು. ಹರಾಜಿನವರು ಒಂದು ಪ್ರಾಪ್ ಅಸಲಿಯೋ ಅಲ್ಲವೋ ಅಂತ ಹೇಗೆ ತೀರ್ಮಾನಿಸ್ತಾರೆ ಗೊತ್ತಾ? ಅದರ ಮೇಲಿನ ಗೀರು, ನೆಗ್ಗು, ಬಣ್ಣ ಕಿತ್ತ ಗುರುತುಗಳನ್ನ ಸಿನಿಮಾದ ಚೌಕಟ್ಟುಗಳ ಜೊತೆ ಹೋಲಿಸಿ. ಗೀರು ಅಂದ್ರೆ ಹೆಬ್ಬೆಟ್ಟಿನ ಗುರುತಿದ್ದ ಹಾಗೆ. 2017ರಲ್ಲಿ ಲೂಕ್‌ನದು ಅಂತ ಹರಾಜಿಗಿಟ್ಟ ಒಂದು ಲೈಟ್‌ಸೇಬರ್ 4.5 ಲಕ್ಷ ಡಾಲರ್‌ಗೆ ಹೋಯ್ತು. ಈಗ ಯೋಚಿಸಿ: ಒಳ್ಳೆ ನಕಲುಗಾರ ಕಲಿಯೋದೇ ಆ ಹೆಬ್ಬೆಟ್ಟನ್ನ ಗೀರಿಗೆ ಗೀರು ಕೂರಿಸೋ ವಿದ್ಯೆ!

ಇದು ಹೊಸ ಸಮಸ್ಯೆಯೇನಲ್ಲ. 1496ರ ಸುಮಾರಿಗೆ, ಇಪ್ಪತ್ತರ ಆಸುಪಾಸಿನ ಒಬ್ಬ ಶಿಲ್ಪಿ ಅಮೃತಶಿಲೆಯಲ್ಲಿ ಮಲಗಿದ ಕ್ಯುಪಿಡ್ ಕೆತ್ತಿದ. ಅದನ್ನ ಪುರಾತನ ರೋಮಿನದು ಅನ್ನೋ ಹಾಗೆ ಹಳತು ಮಾಡಿ, ದಲ್ಲಾಳಿಯೊಬ್ಬನ ಮೂಲಕ ಕಾರ್ಡಿನಲ್ ರಿಯಾರಿಯೋಗೆ ಮಾರಿದರು. ಗುಟ್ಟು ರಟ್ಟಾಯ್ತು, ಕಾರ್ಡಿನಲ್ ದಲ್ಲಾಳಿಯಿಂದ ದುಡ್ಡು ವಾಪಸ್ ಪಡೆದ. ಆದ್ರೆ ಶಿಲ್ಪಿಯ ಕೈಚಳಕಕ್ಕೆ ಮಾರುಹೋಗಿ ಅವನನ್ನ ರೋಮಿಗೆ ಕರೆಸಿಕೊಂಡ. ಆ ಹುಡುಗನ ಹೆಸರು ಮೈಕೆಲಾಂಜೆಲೊ. ಕೈಚಳಕ ಅಪರಾಧ ಅಲ್ಲ, ಅದನ್ನ ಏನಂತ ಹೇಳಿ ಮಾರಿದರು ಅನ್ನೋದು ಅಪರಾಧ. ಆ ಕಾರ್ಡಿನಲ್‌ಗೆ ಐನೂರು ವರ್ಷದ ಹಿಂದೇನೇ ಈ ವ್ಯತ್ಯಾಸ ಗೊತ್ತಿತ್ತು.

ಅದಕ್ಕೆ ನನ್ನ ಮತ ಇಷ್ಟೇ. ಹೊರಗಡೆ ಎಷ್ಟು ಬೇಕಾದ್ರೂ ಸುಳ್ಳು ಹೇಳಲಿ. ಗೀರಲಿ, ಸುಡಲಿ, ಮೈಲುತುತ್ತ ಬಳೀಲಿ, ಮುಲ್ತಾನಿ ಮಿಟ್ಟಿ ಎರಚಲಿ, ಅದರಲ್ಲಿ ದೊಡ್ಡ ಕಲೆ ಇದೆ. ಆದ್ರೆ ಕೊಳವೆಯ ಒಳಗಡೆ, ಬಿಚ್ಚಿದರೆ ಮಾತ್ರ ಕಾಣೋ ಜಾಗದಲ್ಲಿ, ಮಾಡಿದವರ ಹೆಸರು ಮತ್ತು ಮಾಡಿದ ಇಸವಿ ಕೊರೆದಿರಲಿ. ಮಾಡಿದವನು ಪ್ರಾಮಾಣಿಕನೇ ಇರಬಹುದು. ಆದ್ರೆ ಐವತ್ತು ವರ್ಷ ಆದ ಮೇಲೆ ಆ ಕೊಳವೆ ಯಾರ ಕೈಯಲ್ಲಿರುತ್ತೋ ಯಾರಿಗೆ ಗೊತ್ತು? ಅಷ್ಟು ಹೊತ್ತಿಗೆ ಅದಕ್ಕೆ ನಿಜವಾದ ವಯಸ್ಸೂ ಆಗಿರುತ್ತೆ. ಸುಳ್ಳು ಗೀರು, ನಿಜವಾದ ಗೀರು ಒಂದರ ಮೇಲೊಂದು ಕೂತಿರುತ್ತವೆ. ಬೇರ್ಪಡಿಸೋಕೆ ಒಳಗಿನ ಆ ಒಂದು ಸಾಲು ಬಿಟ್ಟರೆ ಬೇರೇನೂ ಇರಲ್ಲ.

ನೀವೇನಂತೀರಿ?